ಕಂಪೌಂಡಿನ ಪಕ್ಕದ ಹೊಲದಲ್ಲಿ ಚರಗ

ರಾಂಜಣಗಾಂವದಲ್ಲಿ ನಾನು ಮೊದಲು ಬಡಿದದ್ದು ರೊಟ್ಟಿಯನ್ನಲ್ಲ, ಒಬ್ಬ ಗಂಡಸನ್ನು.

ಊರಿಂದ ಬಂದ ಮರುದಿನ. ಟ್ರಂಕು ಇನ್ನೂ ಬಿಚ್ಚಿರಲಿಲ್ಲ. ಕೊಡ ಹಿಡಿದು ನಳದ ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಬಂದಾಗ ಹಿಂದಿನಿಂದ ಬಂದ ಒಬ್ಬ ಗಟ್ಟಿಮುಟ್ಟಾದ ಆಳು ನನ್ನ ಕೊಡವನ್ನು ಕಾಲಿನಿಂದ ಒದ್ದು, ಹೊರಗಿನವರು ಹಿಂದೆ ನಿಲ್ಲಬೇಕು ಎಂದು ಮರಾಠಿಯಲ್ಲಿ ಹೇಳಿದ. ಕೊಡ ಉರುಳಿ ಗಟಾರಕ್ಕೆ ಬಿತ್ತು. ಅದು ನನ್ನ ಅವ್ವ ಮದುವೆಯಲ್ಲಿ ಕೊಟ್ಟ ತಾಮ್ರದ ಕೊಡ. ಗಟಾರದಿಂದ ಅದನ್ನೆತ್ತಿ, ಅದರಿಂದಲೇ ಅವನ ಬೆನ್ನಿಗೆ ಒಂದು ಬಿಟ್ಟೆ. ಅವನು ತಿರುಗಿ ಕೈ ಎತ್ತುವಷ್ಟರಲ್ಲಿ ಎದುರಿನ ಮನೆಯ ಕಟ್ಟೆಯಿಂದ ಒಬ್ಬ ಮುದುಕಿ ಜೋರಾಗಿ ನಕ್ಕಳು. ಅವಳು ಅವನ ತಾಯಿ. "ಇಷ್ಟು ವರ್ಷ ನಾನು ಹೊಡೆಯಬೇಕಾಗಿದ್ದದ್ದನ್ನು ಇವಳು ಹೊಡೆದಳು" ಎಂದು ಅಂಗಳಕ್ಕೆಲ್ಲ ಕೇಳುವಂತೆ ಹೇಳಿದಳು. ಆ ಮುದುಕಿಯೇ ನಮಗೆ ತಗಡಿನ ಎರಡು ಖೋಲಿ ಬಾಡಿಗೆಗೆ ಕೊಟ್ಟವಳು. ಅವಳನ್ನು ನಾನು ಅಲ್ಲಿಯವರ ಹಾಗೆ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಮಗ ಮಾತ್ರ ಆ ಏಟನ್ನು ಮರೆಯಲಿಲ್ಲ.

ನಮ್ಮದು ಗುಲ್ಬರ್ಗಾ ಕಡೆ, ಆಳಂದದಿಂದ ಇನ್ನೂ ಆಚೆ. ಅಲ್ಲಿಂದ ಮಹಾರಾಷ್ಟ್ರಕ್ಕೆ ಒಂದು ಹಳ್ಳ ದಾಟಿದರಾಯಿತು. ತೊಂಬತ್ತರ ದಶಕ ಅರ್ಧ ಕಳೆದಿತ್ತು. ದೇಶದ ಬಾಗಿಲು ತೆರೆದಿದೆ, ಇನ್ನು ಎಲ್ಲರಿಗೂ ಒಳ್ಳೆಯ ಕಾಲ ಎಂದು ಪೇಪರಿನವರು ಬರೆಯುತ್ತಿದ್ದರು. ನಮ್ಮ ಕಡೆ ಯಾವ ಬಾಗಿಲೂ ತೆರೆದಂತೆ ಕಾಣಲಿಲ್ಲ. ಹಾಗಾಗಿ ತೆರೆದಿದ್ದ ಬಾಗಿಲು ಹುಡುಕಿಕೊಂಡು ನಾವೇ ಹೊರಟೆವು. ನಮ್ಮ ಮನೆಯವರಿಗೆ ಪುಣೆಯ ಹೊರಗೆ ಈ ರಾಂಜಣಗಾಂವದಲ್ಲಿ ಹೊಸದಾಗಿ ಎದ್ದಿದ್ದ ಕಂಪನಿಯೊಂದರ ಸ್ಟೋರಿನಲ್ಲಿ ಕಾರಕೂನಿಕೆ ಸಿಕ್ಕಿತ್ತು. ಮೆತ್ತಗಿನ ಮನುಷ್ಯ. ಬೆಕ್ಕು ಹಾಲು ಕುಡಿಯುತ್ತಿದ್ದರೆ ಮುಗಿಯುವ ತನಕ ಕಾಯುವಂಥವರು. ಜಗಳವೆಲ್ಲ ನನ್ನ ಪಾಲಿಗೆ ಬಿಟ್ಟಿದ್ದರು, ನಾನೂ ಬೇಡವೆನ್ನಲಿಲ್ಲ.

ಒಂದು ಖೋಲಿಯಲ್ಲಿ ಸಂಸಾರ, ಇನ್ನೊಂದರಲ್ಲಿ ಖಾನಾವಳಿ ಹೂಡಿದೆ. ಜೋಳದ ರೊಟ್ಟಿ, ಝುಣಕ, ಪುಂಡಿಪಲ್ಯ, ಶೇಂಗಾ ಹಿಂಡಿ. ಅಲ್ಲಿಯವರಿಗೆ ಮೆತ್ತನೆಯ ಬಿಸಿ ಭಾಕರಿ ಬೇಕು, ನಮ್ಮವರಿಗೆ ಹಲ್ಲಿಗೆ ಕೆಲಸ ಕೊಡುವ ಖಡಕ್ ರೊಟ್ಟಿ ಬೇಕು. ಎರಡೂ ಒಂದೇ ಹಂಚಿನಿಂದ ಏಳುತ್ತಿದ್ದವು.

ವರ್ಷದೊಳಗೆ ನನ್ನ ತಮ್ಮನೂ ಬಂದ. ಕಂಪನಿಯಲ್ಲಿ ಪತ್ರೆ, ಅಂದರೆ ಕಬ್ಬಿಣದ ತಗಡು, ಒತ್ತುವ ಪ್ರೆಸ್ ಮಶೀನಿನ ಮೇಲೆ ಗುತ್ತಿಗೆ ಕೆಲಸ ಹಿಡಿದ. ಆ ಮಶೀನಿಗೆ ಪತ್ರೆ ಇಡುವ ಕೈ, ಒತ್ತು ಬೀಳುವ ಮೊದಲೇ ಹೊರಗೆ ಬರಬೇಕು. ತಡವಾದರೆ ಬೆರಳು ಅಲ್ಲೇ ಉಳಿಯುತ್ತದೆ. ಬೆರಳು ಬಿಟ್ಟುಬಂದವರು ನನ್ನ ಪಂಕ್ತಿಯಲ್ಲಿ ಬಹಳ ಜನ ಉಣ್ಣುತ್ತಿದ್ದರು. ನನ್ನ ತಮ್ಮನ ಬಲಗೈ ಮಾತ್ರ ಬಹಳ ಚುರುಕು. ಪಾಳಿ ಮುಗಿಸಿ ಬಂದು ಬಡಿಸುವ ಕೆಲಸಕ್ಕೂ ನಿಲ್ಲುತ್ತಿದ್ದ. ಬುಟ್ಟಿಯಿಂದ ರೊಟ್ಟಿ ತೆಗೆದು ಅಲ್ಲಿಂದಲೇ ಬೀಸುತ್ತಿದ್ದ, ಅದು ಹೋಗಿ ಸರಿಯಾಗಿ ತಾಟಿನೊಳಗೆ ಕೂಡುತ್ತಿತ್ತು. ದಣಿದು ಬಂದವರು ಅದನ್ನು ನೋಡಿ ನಗುತ್ತಿದ್ದರು. ಆ ಕೈಯ ಮೇಲೆಯೇ ಅವನ ಬದುಕು ನಿಂತಿತ್ತು. ಇನ್ನೊಂದು ವರ್ಷ ಕೈ ಜೋಪಾನವಾಗಿದ್ದರೆ ಕಂಪನಿಯವರೇ ನೇರವಾಗಿ ತೆಗೆದುಕೊಳ್ಳುತ್ತಾರೆ, ಆಮೇಲೆ ಮದುವೆ ಎಂದು ಅವ್ವನಿಗೆ ಹೇಳಿ ಕಳಿಸಿದ್ದೆ.

ಅವನ ಜೊತೆಗೆ ಒಂದೇ ಖೋಲಿಯಲ್ಲಿ ಇದ್ದವನು ಲಾತೂರ ಕಡೆಯ ಗೆಳೆಯ. ಇಬ್ಬರದೂ ಒಂದೇ ಪಾಳಿ, ಅಕ್ಕಪಕ್ಕದ ಮಶೀನು. ಒಬ್ಬನದು ಮರಾಠಿ, ಒಬ್ಬನದು ಕನ್ನಡ, ಆದರೆ ಇಬ್ಬರ ಊರಲ್ಲೂ ಬೀಸುವುದು ಅದೇ ಗಾಳಿ, ಇರುವುದು ಅದೇ ಕರಿ ಮಣ್ಣು. ಎಳ್ಳ ಅಮಾವಾಸ್ಯೆಯ ಹಬ್ಬವೂ ಇಬ್ಬರಿಗೂ ಒಂದೇ. ನಮ್ಮಲ್ಲಿ ಅವತ್ತು ಹೊಲಕ್ಕೆ ಹೋಗಿ ಐದು ಕಲ್ಲಿಗೆ ಸುಣ್ಣ ಬಳಿದು, ಕುಂಕುಮ ಹಚ್ಚಿ, ಪಾಂಡವರೆಂದು ಕೂಡಿಸುತ್ತಾರೆ. ಭಜ್ಜಿ ಪಲ್ಯ, ಸಜ್ಜಿ ರೊಟ್ಟಿ, ಕಡಬು, ಅಂಬಲಿಯ ಎಡೆ ಮಾಡಿ, ಅದನ್ನೆಲ್ಲ ಕಲಸಿ ಬದುವಿನ ಸುತ್ತ ಭೂಮಿತಾಯಿಗೆ ಚೆಲ್ಲುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ಒಬ್ಬ "ಓಲಗ್ಯಾ ಓಲಗ್ಯಾ" ಎಂದು ಕೂಗಿ ಚೆಲ್ಲಬೇಕು, ಹಿಂದಿನಿಂದ ಇನ್ನೊಬ್ಬ "ಸಾಲಂ ಪೊಲಗ್ಯಾ" ಎಂದು ಓಗೊಡಬೇಕು. ಅರ್ಥ ಕೇಳಬೇಡಿ, ನಮ್ಮ ಅಜ್ಜನಿಗೂ ಗೊತ್ತಿರಲಿಲ್ಲ. ಆದರೆ ಓಗೊಡದಿದ್ದರೆ ಚರಗ ಭೂಮಿಗೆ ಮುಟ್ಟುವುದಿಲ್ಲ ಎಂದು ನಂಬಿಕೆ. ಲಾತೂರಿನವರ ಕೂಗೂ ಅದೇ. ನನ್ನ ತಮ್ಮ ಬಡಿಸುತ್ತ ಬಡಿಸುತ್ತ ಸುಮ್ಮನೆ "ಓಲಗ್ಯಾ ಓಲಗ್ಯಾ" ಎಂದು ಕೂಗುತ್ತಿದ್ದ. ಪಂಕ್ತಿಯ ಆ ತುದಿಯಿಂದ ಗೆಳೆಯ ಬಾಯಿತುಂಬ ರೊಟ್ಟಿ ಇಟ್ಟುಕೊಂಡೇ "ಸಾಲಂ ಪೊಲಗ್ಯಾ" ಎನ್ನುತ್ತಿದ್ದ. ಉಳಿದವರು ಇವರಿಗೆ ತಲೆ ಕೆಟ್ಟಿದೆ ಎಂದು ಬೈಯುತ್ತಿದ್ದರು.

ಇಬ್ಬರ ಕೆಲಸ ಒಂದೇ ಆದರೂ ಪಗಾರ ಒಂದೇ ಇರಲಿಲ್ಲ. ಪುಣೆ ಶಹರದಿಂದ ಕಂಪನಿ ಬಸ್ಸಿನಲ್ಲಿ ಬರುವವರಿಗೆ ಎಲ್ಲಕ್ಕಿಂತ ಹೆಚ್ಚು. ಅದರ ಕೆಳಗೆ ಸುತ್ತಲಿನ ಹಳ್ಳಿಯವರು. ಅವರಲ್ಲಿ ಕೆಲಸ ಸಿಕ್ಕವರೇ ಕಡಿಮೆ. ಅದರ ಕೆಳಗೆ ಲಾತೂರ, ಬೀಡ ಕಡೆಯವರು. ಎಲ್ಲರ ಕೆಳಗೆ ನಮ್ಮವರು. ಕಂಪನಿಗೆ ಆಳು ಒದಗಿಸುವ ಗುತ್ತೇದಾರ ಮೊದಲು ಕೇಳುತ್ತಿದ್ದದ್ದು ಏನು ಕೆಲಸ ಬರುತ್ತದೆ ಎಂದಲ್ಲ, ಯಾವ ಜಿಲ್ಲೆ ಎಂದು. ಅವನೇನು ಪರದೇಶದವನಲ್ಲ, ಬೆಳಗಾವಿ ಕಡೆಯವ, ನಮ್ಮ ಭಾಷೆಯವನೇ. ಒಂದು ರವಿವಾರ ನನ್ನಲ್ಲಿ ಉಣ್ಣಲು ಬಂದ. ಹೊಟ್ಟೆ ತುಂಬಿಸಿಕೊಳ್ಳುತ್ತ, "ಬಾಯಾರ, ರೊಟ್ಟಿ ಭಾಳ ಛಲೋ ಅದಾವ್ರಿ" ಎಂದ.

"ರೊಟ್ಟಿ ಛಲೋ ಅದಾವಂತ ಇನ್ನೊಂದು ಕೇಳ್ತೀರಿ. ನನ್ನ ತಮ್ಮನ ಕೆಲಸಾನೂ ಛಲೋ ಅದ ಅಲ್ರಿ. ಮತ್ತ ಅವಗ್ಯಾಕ ಕಡಿಮಿ ಪಗಾರ?"

"ನಿಮ್ಮ ಊರಾಗ ಎಷ್ಟ ಸಿಗ್ತದರೀ?"

"ಅಲ್ಲಿ ಏನೂ ಸಿಗಂಗಿಲ್ಲ. ಅದಕ್ಕೇ ಇಲ್ಲಿ ಬಂದಾನ."

"ಮತ್ತ? ಏನೂ ಸಿಗದಾಂವಗ ನಾ ಕೊಡೂದು ಎಷ್ಟಿದ್ರೂ ಹೆಚ್ಚ ಆತಲ್ರೀ. ಪುಣೆದಾಂವಗ ಇಷ್ಟ ಕೊಟ್ರ ಎದ್ದ ಹೋಗ್ತಾನ. ನಿಮ್ಮ ತಮ್ಮಗ ಎದ್ದ ಹೋಗಾಕ ಜಾಗಾ ಎಲ್ಲೈತಿ?"

ಉಣ್ಣುವವರ ಮುಂದಿನ ತಾಟು ಎತ್ತಬಾರದು ಎಂದು ನಮ್ಮವ್ವ ಕಲಿಸಿದ್ದಳು. ನಾನು ಎತ್ತಿದೆ. ಎತ್ತಿ ಹೊರಗಿನ ಗಟಾರಕ್ಕೆ ಸುರಿದೆ. ಅವನ ಕೈಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಅವನು ಸಿಟ್ಟಾಗಲಿಲ್ಲ, ಕೈಯಲ್ಲಿದ್ದದ್ದನ್ನು ತಿಂದು ಮುಗಿಸಿ, ನಗುತ್ತ ಮೋಟರ್‌ಸೈಕಲ್ ಏರಿ ಹೋದ. ಇವತ್ತಿಗೂ ಅವನು ಹೇಳಿದ ಮಾತಿನಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ನಮ್ಮ ಊರು ಎಷ್ಟು ಬಡವಾದರೆ ನಾವು ಅಷ್ಟು ಸಸ್ತಾ. ನನ್ನ ಹೊಟ್ಟೆ ಉರಿಸುವುದು ಅದೇ.

ಇನ್ನು ಮಾವಶಿಯ ಮನೆಯ ಕಥೆ. ಈಗ ಕಂಪನಿ ನಿಂತಿರುವ ಜಾಗದಲ್ಲಿ ಅವರ ಹೊಲ ಇತ್ತು. ಅವಳೇ ಹೇಳುತ್ತಿದ್ದಳು: ಒಂದು ದಿನ ಪ್ಯಾಂಟು ಶರ್ಟಿನ ನಾಲ್ಕಾರು ಜನ ಬಂದರು, ಹೊಲದಲ್ಲಿ ಅಲ್ಲಲ್ಲಿ ಸುಣ್ಣ ಬಳಿದ ಕಲ್ಲು ಹೂಳಿದರು, ಅವಳ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋದರು. ಯಾಕೆ ಎಂದು ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ಮುಂದಿನ ಬೆಳೆಗೆ ಹೊಲ ಇವರದಾಗಿರಲಿಲ್ಲ. "ಚಹಾ ನಾನೇ ಮಾಡಿಕೊಟ್ಟೆ, ಸಕ್ಕರೆ ಹೆಚ್ಚು ಹಾಕಿ ಕೊಟ್ಟೆ" ಎಂದು ಹೇಳುವಾಗಲೆಲ್ಲ ಅವಳು ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. ಅವಳ ಗಂಡ ಸಾಯುವ ತನಕ ದಿನಾ ಮುಂಜಾನೆ ಕೋಲು ಹಿಡಿದು ಹೋಗಿ ಕಂಪನಿಯ ಕಂಪೌಂಡು ಗೋಡೆಗೆ ಬಡಿದು ಬರುತ್ತಿದ್ದನಂತೆ. ಬಂದ ದುಡ್ಡಿನಲ್ಲಿ ನಾವಿದ್ದ ತಗಡಿನ ಖೋಲಿಗಳ ಸಾಲು ಎದ್ದಿತ್ತು. ಕಂಪೌಂಡಿನ ಹೊರಗೆ, ಗೋಡೆಗೆ ಹತ್ತಿ ಒಂದೇ ಒಂದು ತುಂಡು ಹೊಲ ಉಳಿದಿತ್ತು. ಅದರಲ್ಲಿ ಮಾವಶಿ ಜೋಳ ಬಿತ್ತುತ್ತಿದ್ದಳು.

ಮಗನಿಗೆ ಕಂಪನಿಯಲ್ಲಿ ಕೆಲಸ ಕೊಡುತ್ತೇವೆ ಎಂದಿದ್ದರು, ಕೊಡಲಿಲ್ಲ. ಊರಿನವರನ್ನು ತೆಗೆದುಕೊಂಡರೆ ಗೇಟಿನಲ್ಲಿ ಕೂತು ಘೋಷಣೆ ಕೂಗುತ್ತಾರೆ, ದೂರದವರು ತಲೆ ತಗ್ಗಿಸಿ ದುಡಿಯುತ್ತಾರೆ ಎಂಬ ಲೆಕ್ಕ. ತನ್ನ ಹೊಲದ ಮೇಲೆ ನಿಂತ ಮಶೀನಿನಲ್ಲಿ ಗುಲ್ಬರ್ಗಾದವನು ಪತ್ರೆ ಒತ್ತುತ್ತಾನೆ, ತಾನು ಹೊರಗೆ ನಳದ ಹತ್ತಿರ ನಿಂತಿರಬೇಕು. ಅವನ ಸಿಟ್ಟು ನನಗೆ ತಿಳಿಯುತ್ತಿತ್ತು. ತಿಳಿದರೂ ಏನು ಮಾಡಲಿ, ಆ ಸಿಟ್ಟು ಗುತ್ತೇದಾರನ ಮನೆಗೆ ಹೋಗುತ್ತಿರಲಿಲ್ಲ, ನಮ್ಮ ಹುಡುಗರ ಮೈಮೇಲೆ ಬರುತ್ತಿತ್ತು. ಸೈಕಲ್ಲಿನ ಟಾಯರು ಕೊಯ್ಯುವುದು, ಪಾಳಿಯಿಂದ ಬರುವವರನ್ನು ಅಡ್ಡಹಾಕಿ ಹೊಡೆಯುವುದು. ಒಂದು ಸಲ ಖಾನಾವಳಿಯ ಒಲೆಗೆ ನೀರು ಸುರಿದು, ಬುಟ್ಟಿಯ ರೊಟ್ಟಿಯನ್ನೆಲ್ಲ ತುಳಿದು ಹೋದರು. ಹೊಡೆಸಿಕೊಂಡು ಬಂದವರಿಗೆ ನಾನು ಅರಿಷಿಣ ಹಚ್ಚಿ ಊಟಕ್ಕೆ ಹಾಕುತ್ತಿದ್ದೆ. ತುಟಿ ಒಡೆದವನಿಗೆ ಖಡಕ್ ರೊಟ್ಟಿ ಆಗುವುದಿಲ್ಲ, ಅವನಿಗೆ ಮೆತ್ತನೆಯದು.

ಆ ವರ್ಷ ಛಳಿ ಶುರುವಾಗುವ ಹೊತ್ತಿಗೆ ಗುತ್ತೇದಾರ ಒಂದು ಆಟ ಹೂಡಿದ. ಲಾತೂರ ಕಡೆಯವರನ್ನು ಕರೆದು, ಗುಲ್ಬರ್ಗಾದವರು ಇಷ್ಟಕ್ಕೇ ದುಡಿಯುತ್ತಾರೆ, ನಿಮಗೇಕೆ ಹೆಚ್ಚು ಕೊಡಲಿ ಎಂದು ಅವರ ಪಗಾರವನ್ನೂ ನಮ್ಮವರ ಮಟ್ಟಕ್ಕೆ ಇಳಿಸಿದ. ಅವರು ಗುತ್ತೇದಾರನ ಕೊರಳಪಟ್ಟಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ನಮ್ಮವರ ಪಂಕ್ತಿ ಬಿಟ್ಟು ಬೇರೆ ಕೂತು ಉಣ್ಣಲು ಶುರುಮಾಡಿದರು. ತಮ್ಮನ ಗೆಳೆಯನೂ ತನ್ನ ಹಾಸಿಗೆ ಸುತ್ತಿಕೊಂಡು ಖೋಲಿ ಬದಲಿಸಿದ. ತಮ್ಮ ಬಡಿಸುವಾಗ "ಓಲಗ್ಯಾ ಓಲಗ್ಯಾ" ಎಂದರೆ ಅವನು ತಾಟಿನಿಂದ ತಲೆ ಎತ್ತುತ್ತಿರಲಿಲ್ಲ.

"ನನ್ನ ಮ್ಯಾಲ ಯಾಕ ಸಿಟ್ಟು ಅವಗ, ಯಕ್ಕಾ? ನಾ ಏನ್ ಮಾಡೀನಿ?" ಎಂದು ತಮ್ಮ ಕೇಳಿದ.

"ಸಸ್ತಾ ಹುಟ್ಟೀದಿ, ಅದೇ ನಿನ್ನ ತಪ್ಪು" ಎಂದೆ. ಅವನಿಗೆ ನಗು ಬರಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಅವತ್ತು ಕಂಪನಿಗೆ ವಾರದ ರಜೆಯೂ ಇತ್ತು. ನಾನು ಕೋಳಿ ಕೂಗುವ ಮೊದಲೇ ಎದ್ದು ಒಲೆ ಹಚ್ಚಿದೆ. ಅವರೆ, ತೊಗರಿ, ಶೇಂಗಾ, ಮೆಂತ್ಯ, ಸಿಕ್ಕ ಸಿಕ್ಕ ಸೊಪ್ಪು ಕಾಯಿಗಳನ್ನೆಲ್ಲ ಹಾಕಿ ಭಜ್ಜಿ ಕುದಿಸಿದೆ, ಎಳ್ಳು ಹಚ್ಚಿ ಸಜ್ಜಿ ರೊಟ್ಟಿ ಬಡಿದೆ. ನಮ್ಮ ಕಡೆಯ ಹುಡುಗರು ಸ್ನಾನ ಮಾಡಿ, ಇದ್ದದ್ದರಲ್ಲಿ ಬಿಳಿ ಅಂಗಿ ಹಾಕಿಕೊಂಡು ಬಂದರು. ಮುಖದ ಗಾಯದ ಕಲೆಗಳ ಮೇಲೆ ವಿಭೂತಿ. ಚರಗ ಚೆಲ್ಲಲು ಹೊಲ ಬೇಕಲ್ಲ? ಅಲ್ಲಿ ಹೊಲವೆಂದು ಉಳಿದದ್ದು ಮಾವಶಿಯ ತುಂಡು ಒಂದೇ. ಅವಳ ಅಪ್ಪಣೆ ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಅವತ್ತು ಹೊಲ ಇಲ್ಲದವರು ಯಾರ ಹೊಲದಲ್ಲಾದರೂ ಚರಗ ಚೆಲ್ಲಬಹುದು, ಚೆಲ್ಲಿದರೆ ಹೊಲದವರಿಗೇ ಒಳ್ಳೆಯದು, ದಾರಿಹೋಕರನ್ನೂ ಕರೆದು ಉಣ್ಣಿಸುತ್ತಾರೆ. ಪೂಜೆ ಮುಗಿಸಿ ಮಾವಶಿಗೂ ಅವಳ ಮಗನಿಗೂ ಎಡೆ ತಂದುಕೊಡುತ್ತೇವೆ ಎಂದು ತಮ್ಮ ಎರಡು ಡಬ್ಬಿ ಬೇರೆ ಕಟ್ಟಿಸಿಕೊಂಡ. ತಂಬಾಕಿನ ಸುಣ್ಣ ಸಾಲದೆಂದು ಗೋಡೆಗೆ ತಂದಿದ್ದ ಸುಣ್ಣವನ್ನೇ ನೀರಿನಲ್ಲಿ ಕಲಸಿ ಕೊಟ್ಟವಳು ನಾನು. ಕಲ್ಲು, ಸುಣ್ಣ, ಹೊಲ. ಮಾವಶಿಯ ಬಾಯಿಂದ ಹತ್ತು ಸಲ ಕೇಳಿದ ಕಥೆ ಅದು. ನನಗೆ ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ಯಾವುದನ್ನು ದೇವರೆಂದು ನೋಡಿದ್ದೇವೋ ಅದು ಇನ್ನೊಬ್ಬರ ಕಣ್ಣಿಗೆ ಸರ್ವೇ ಕಲ್ಲಾಗಿ ಕಾಣಬಹುದೆಂದು ಹೊಳೆಯುವುದಾದರೂ ಹೇಗೆ?

ಅವರು ಹೋದ ಸ್ವಲ್ಪ ಹೊತ್ತಿಗೆ ಹೊಲದ ಕಡೆಯಿಂದ ಕೂಗು ಕೇಳಿತು. "ಓಲಗ್ಯಾ ಓಲಗ್ಯಾ", ಹಿಂದೆಯೇ ಹತ್ತಾರು ಗಂಟಲುಗಳ "ಸಾಲಂ ಪೊಲಗ್ಯಾ". ಒಲೆಯ ಮುಂದೆ ಕೂತ ನನಗೆ ನಮ್ಮೂರಿನ ಹೊಲವೇ ನೆನಪಾಗಿ ಕಣ್ಣು ತುಂಬಿತು. ಮೂರನೆಯ ಸಲ ಕೂಗು ಅರ್ಧಕ್ಕೇ ನಿಂತಿತು. ಆಮೇಲೆ ಕೇಳಿದ್ದು ಬೇರೆ ಸದ್ದು, ತುಂಬಿದ ಚೀಲದ ಮೇಲೆ ಬಡಿಗೆ ಬಿದ್ದಂಥ ಸದ್ದು. ಒಂದರ ಮೇಲೆ ಒಂದು.

ಒಲೆಯಲ್ಲಿ ಉರಿಯುತ್ತಿದ್ದ ಕೊಳ್ಳಿಯನ್ನು ಎಳೆದುಕೊಂಡು ಓಡಿದೆ. ನಮ್ಮ ಮನೆಯವರು ಸೆರಗು ಹಿಡಿದು "ಹೋಗಬ್ಯಾಡ, ಹೋಗಬ್ಯಾಡ" ಎಂದರು. ಸೆರಗು ಹರಿದು ಅವರ ಕೈಯಲ್ಲೇ ಉಳಿಯಿತು.

ಹೊಲದಲ್ಲಿ ಜೋಳ ಎದೆಯೆತ್ತರ ಬೆಳೆದಿತ್ತು. ಬದುವಿನ ಮೇಲೆ ಐದು ಕಲ್ಲು ಬೆಳ್ಳಗೆ ಸಾಲಾಗಿ ಕೂತಿದ್ದವು. ಅವುಗಳ ಮುಂದೆ ಎಡೆ ಚೆಲ್ಲಾಪಿಲ್ಲಿಯಾಗಿತ್ತು. ಮಾವಶಿಯ ಮಗ ಮತ್ತು ಅವನ ಜೊತೆಯವರು ಕಬ್ಬಿಣದ ಪೈಪು, ಬಡಿಗೆ ಹಿಡಿದು ನಮ್ಮ ಹುಡುಗರನ್ನು ಜೋಳದ ಸಾಲಿನಲ್ಲಿ ಅಟ್ಟಿಸಿಕೊಂಡು ಬಡಿಯುತ್ತಿದ್ದರು. ಬಿಳಿ ಅಂಗಿಗಳು ಕೆಂಪಾಗಿದ್ದವು. ಒಬ್ಬನ ಬಾಯಲ್ಲಿ ಕಡಬು ಹಾಗೇ ಇತ್ತು, ಅದರ ಜೊತೆಗೆ ಹಲ್ಲು ಉಗುಳಿದ. "ಮತ್ತೆ ಕಲ್ಲು ನೆಟ್ಟರು! ಇದನ್ನೂ ನುಂಗಲು ಬಂದರು!" ಎಂದು ಮಗ ಮರಾಠಿಯಲ್ಲಿ ಅರಚುತ್ತಿದ್ದ. ಅಮಾವಾಸ್ಯೆಯ ದಿನ ಅನ್ನ ಕುಂಕುಮ ಚೆಲ್ಲಿ ಮಾಟ ಮಾಡಿದ್ದಾರೆ ಎಂದು ಇನ್ನೊಬ್ಬ ಕೂಗಿದ. ನನ್ನ ತಮ್ಮ ಕಲ್ಲುಗಳ ಪಕ್ಕದಲ್ಲಿ ಅಂಗಾತ ಬಿದ್ದಿದ್ದ. ಒಬ್ಬ ಅವನ ಎದೆಯ ಮೇಲೆ ಕಾಲಿಟ್ಟಿದ್ದ.

ನಾನು ಕೊಳ್ಳಿಯನ್ನು ಮಾವಶಿಯ ಮಗನ ಹೆಗಲಿಗೆ ಹಾಕಿದೆ. ಅಂಗಿ ಸುಟ್ಟು ಚರ್ಮ ಸುಟ್ಟ ವಾಸನೆ ಬಂತು. ಅವನು ತಿರುಗಿ ಪೈಪಿನಿಂದ ನನ್ನ ಮೊಣಕೈಗೆ ಹೊಡೆದ, ಕೊಳ್ಳಿ ಬಿತ್ತು. ಇಬ್ಬರು ನನ್ನ ಕೂದಲು ಹಿಡಿದು ಬದುವಿಗೆ ಒತ್ತಿ ಕೂಡಿಸಿದರು. ಅವರನ್ನು ಕಚ್ಚಿದೆ, ಒದ್ದೆ. ಬಿಡಲಿಲ್ಲ. ಆಗಲೇ ಮಾವಶಿ ಏದುಸಿರು ಬಿಡುತ್ತ ಬಂದಳು. ಕಲ್ಲುಗಳನ್ನು ನೋಡಿದವಳು ಹಾಗೇ ಕುಸಿದು ಕೂತು ಎದೆ ಬಡಿದುಕೊಂಡಳು.

"ಮಾವಶಿ, ಇವು ದೇವರು, ಪಾಂಡವರು! ನಿಮ್ಮ ಹೊಲಕ್ಕೆ ಒಳ್ಳೆಯದಾಗಲೆಂದು ಪೂಜೆ ಮಾಡಿದ್ದಾರೆ!" ಎಂದು ನನಗೆ ಬಂದ ಮರಾಠಿಯಲ್ಲಿ ಕಿರುಚಿದೆ.

"ನಮ್ಮ ಹೊಲದಲ್ಲಿ ನಿಮ್ಮ ದೇವರು ಯಾಕೆ?" ಎಂದಳು. ಎರಡು ವರ್ಷ ನನ್ನ ರೊಟ್ಟಿ ತಿಂದವಳು, ನನ್ನ ಜ್ವರಕ್ಕೆ ಕಷಾಯ ಕಾಯಿಸಿದವಳು. ಅವಳ ಕಣ್ಣಿನಲ್ಲಿ ನಾನು ಆ ಕ್ಷಣ ಚಹಾ ಕುಡಿದು ಹೋದವರ ಪೈಕಿ ಒಬ್ಬಳಾಗಿದ್ದೆ.

ಆಗ ನನ್ನ ಕಣ್ಣಿಗೆ ಅವನು ಬಿದ್ದ. ತಮ್ಮನ ಗೆಳೆಯ, ಲಾತೂರಿನವ. ಮಾವಶಿಯ ಮಗನ ಜೊತೆಗೆ ಬಂದವರ ಹಿಂದೆ, ಕೈಯಲ್ಲಿ ಬಡಿಗೆ ಹಿಡಿದು ನಿಂತಿದ್ದ. ಬಡಿಗೆಗೆ ರಕ್ತ ಹತ್ತಿರಲಿಲ್ಲ. ಅವನ ಹಿಂದೆ ಅವನ ಕಡೆಯವರು ಇನ್ನಿಬ್ಬರು.

"ಅವನನ್ನು ಕೇಳಿ! ಅವನೂ ಮರಾಠಿಯವನೇ. ಅವನ ಊರಲ್ಲೂ ಇದೇ ಮಾಡುತ್ತಾರೆ, ಅವನ ತಾಯಿ ಇವತ್ತು ಇದೇ ಭಜ್ಜಿ ಮಾಡಿರುತ್ತಾಳೆ. ಕೇಳಿ ಅವನನ್ನು!"

ಎಲ್ಲರೂ ಅವನತ್ತ ತಿರುಗಿದರು. ಪೈಪುಗಳು ಕೆಳಗಿಳಿದವು. ಮಾವಶಿ ಸೆರಗಿನಿಂದ ಮುಖ ಒರೆಸಿಕೊಂಡು, "ಖರೆ ಏನೋ?" ಎಂದು ಕೇಳಿದಳು. ಒಂದು ಮಾತು ಸಾಕಿತ್ತು. ಅವಳು ಕೆಟ್ಟವಳಲ್ಲ, ಅವನು ಹೌದು ಎಂದಿದ್ದರೆ ಅವಳೇ ಆ ಕಲ್ಲಿಗೆ ಕೈಮುಗಿಯುತ್ತಿದ್ದಳು.

ನೆಲದ ಮೇಲೆ ಬಿದ್ದಿದ್ದ ತಮ್ಮ ಕತ್ತು ಹೊರಳಿಸಿ ಗೆಳೆಯನನ್ನು ನೋಡಿದ. ಎದೆಯ ಮೇಲೆ ಕಾಲಿತ್ತು, ಮೂಗಿನಿಂದ ರಕ್ತ ಬಾಯಿಗೆ ಇಳಿಯುತ್ತಿತ್ತು. ಆ ಬಾಯಿಂದಲೇ, ಇದ್ದ ಉಸಿರೆಲ್ಲ ಕೂಡಿಸಿ ಕೂಗಿದ: "ಓಲಗ್ಯಾ... ಓಲಗ್ಯಾ..."

ಓಗೊಡಬೇಕಾದವನು ಬಡಿಗೆಯ ತುದಿ ನೋಡುತ್ತ ನಿಂತ. ಅವನ ತುಟಿ ಅಲುಗಿದ್ದನ್ನು ನಾನು ಕಂಡೆ. ತಮ್ಮ ಇನ್ನೊಮ್ಮೆ ಕೂಗಿದ, ಈ ಸಲ ಅರ್ಧ ಮಾತ್ರ ಬಂತು.

"ಮಲಾ ಮಾಹೀತ ನಾಹೀ" ಎಂದ ಗೆಳೆಯ. ನನಗೆ ಗೊತ್ತಿಲ್ಲ.

ಮಾವಶಿಯ ಮಗ ಪೈಪು ಬಿಸಾಕಿ, ಐದು ಕಲ್ಲುಗಳಲ್ಲಿ ದೊಡ್ಡದನ್ನು ಎರಡೂ ಕೈಯಿಂದ ಎತ್ತಿದ. ಅವನ ಹೆಗಲ ಸುಟ್ಟ ಗಾಯದಿಂದ ನೀರು ಸುರಿಯುತ್ತಿತ್ತು. "ಇದೇ ಕೈಯಿಂದ ನೆಟ್ಟೆಯಲ್ಲವೇ?" ಎಂದ. ಇನ್ನೊಬ್ಬ ತಮ್ಮನ ಬಲಗೈಯನ್ನು ಬದುವಿನ ಮೇಲೆ ಚಾಚಿ ಹಿಡಿದ. ಮಾವಶಿಯ ಮಗ ಎಷ್ಟು ಸಲ ಜಜ್ಜಿದ ಎಂದು ನಾನು ಎಣಿಸಲಿಲ್ಲ. ಮೊದಲನೆಯ ಏಟಿಗೆ ತಮ್ಮ ಕಿರುಚಿದ, ಆಮೇಲೆ ಕಿರುಚಿದವಳು ನಾನು. ಸುಣ್ಣ ಬಳಿದ ಕಲ್ಲು ಕೆಂಪಾಗಿ, ಭಜ್ಜಿಯ ಪಲ್ಯ ಹತ್ತಿಕೊಂಡು ಉರುಳಿತು. ಮಾವಶಿಗೂ ಅವಳ ಮಗನಿಗೂ ಎಂದು ತಮ್ಮ ಕಟ್ಟಿಸಿಕೊಂಡ ಎರಡು ಡಬ್ಬಿ ಅಲ್ಲೇ ಬದುವಿನ ಕೆಳಗೆ ಮುಚ್ಚಳ ಹಾಕಿದ ಹಾಗೇ ಇದ್ದವು.

ಪೊಲೀಸರು ಬಂದಾಗ ಮೊದಲು ಕೇಳಿದ್ದು ಯಾವ ಜಿಲ್ಲೆಯವರು ಎಂದೇ. ನನಗೆ ನಗು ಬಂತು, ಹುಚ್ಚು ಹಿಡಿದವಳ ನಗು. ಎರಡೂ ಕಡೆಯವರನ್ನು ಒಂದೇ ವ್ಯಾನಿನಲ್ಲಿ ತುಂಬಿದರು, ಕೊಳ್ಳಿಯಿಂದ ಹೊಡೆದವಳೆಂದು ನನ್ನನ್ನೂ. ನಾನು ಹೊಡೆದೆ ಎಂದು ಅಲ್ಲಿಯೂ ಹೇಳಿದೆ, ಇನ್ನೊಮ್ಮೆ ಸಿಕ್ಕರೆ ಇನ್ನೂ ಹೊಡೆಯುತ್ತೇನೆ ಎಂದೆ. ನಮ್ಮ ಮನೆಯವರು ಯಾರ ಯಾರದೋ ಕಾಲು ಹಿಡಿದು ಬಿಡಿಸಿಕೊಂಡು ಬಂದರು. ಪುಣೆಯ ಆಸ್ಪತ್ರೆಯಲ್ಲಿ ಡಾಕ್ಟರು ತಮ್ಮನ ಮೂರು ಬೆರಳು ತೆಗೆದರು. ಉಳಿದೆರಡು ಬೆರಳು ಮಡಚಿದ ಹಾಗೇ ಗಟ್ಟಿಯಾದವು. ಗುತ್ತೇದಾರ ಆಸ್ಪತ್ರೆಗೆ ಬರಲಿಲ್ಲ. ಕೈ ಇಲ್ಲದವನಿಗೆ ಮಶೀನು ಕೊಡುವುದು ಹೇಗೆ ಎಂದು ಬೇರೆಯವರ ಬಾಯಲ್ಲಿ ಹೇಳಿ ಕಳಿಸಿದ.

ಜಗಳದ ನೆಪ ಮಾಡಿ ಅವನು ನಮ್ಮವರನ್ನೆಲ್ಲ ಕೆಲಸದಿಂದ ತೆಗೆದ. ಲಾತೂರಿನವರು ತಮ್ಮ ಹಳೆಯ ಪಗಾರ ಮರಳಿ ಬರುತ್ತದೆಂದು ಕಾದರು. ಬಂದದ್ದು ಇನ್ನೂ ದೂರದವರನ್ನು ತುಂಬಿಕೊಂಡ ಎರಡು ಲಾರಿ. ಆ ಬಡವರ ಊರಿನ ಹೆಸರನ್ನು ನಾವ್ಯಾರೂ ಕೇಳಿರಲಿಲ್ಲ. ಅವರು ನಮಗಿಂತ ಸಸ್ತಾ. ಬೇಸಿಗೆ ಬರುವಷ್ಟರಲ್ಲಿ ಲಾತೂರಿನವರೂ ಹಾಸಿಗೆ ಸುತ್ತಿದರು. ಮಾವಶಿಯ ಆ ತುಂಡು ಹೊಲವೂ ಮುಂದೆ ಹೋಯಿತು, ಅವಳ ಮಗನೇ ಸಹಿ ಹಾಕಿದನೆಂದು ಕೇಳಿದೆ. ನಿಜವಾದ ಸರ್ವೇ ಕಲ್ಲುಗಳನ್ನು ಹೂಳುವಾಗ ಪೊಲೀಸರು ಕಾವಲಿದ್ದರಂತೆ, ಆ ಕಲ್ಲುಗಳನ್ನು ಯಾರೂ ಕಿತ್ತು ಯಾರ ಕೈಯನ್ನೂ ಜಜ್ಜಲಿಲ್ಲ.

ನಾವು ಪುಣೆ ಶಹರದ ಧನಕವಡಿಗೆ ಬಂದೆವು. ಕಾಲೇಜುಗಳು ಹತ್ತಿರ, ಹಾಸ್ಟೆಲಿನ ಹುಡುಗರು ಬಹಳ. ಒಂದು ಮಳಿಗೆ ಹಿಡಿದು ಮತ್ತೆ ಖಾನಾವಳಿ ಹೂಡಿದೆ. ಹೊಸ ಶತಮಾನ ಬಂತು, ಸುತ್ತ ಎತ್ತರದ ಕಟ್ಟಡಗಳು ಎದ್ದವು, ಬೆಂಗಳೂರು ಕಡೆಯ ಕಂಪ್ಯೂಟರಿನ ಹುಡುಗರೂ ಬಂದು ರೊಟ್ಟಿ ಕೇಳತೊಡಗಿದರು. ತಮ್ಮ ನನ್ನ ಜೊತೆಗೇ ಉಳಿದ. ಮದುವೆಯ ಮಾತು ಎರಡು ಸಲ ಬಂದು, ಕೈ ನೋಡಿ ಎದ್ದುಹೋಯಿತು. ಸಂತೆ ಮಾಡುತ್ತಿದ್ದ, ಹಿಟ್ಟು ಬೀಸಿಸಿ ತರುತ್ತಿದ್ದ, ದುಡ್ಡು ತೆಗೆದುಕೊಳ್ಳಲು ಗಲ್ಲೆಯಲ್ಲಿ ಕೂರುತ್ತಿದ್ದ. ಒಂದನ್ನು ಮಾತ್ರ ಮಾಡುತ್ತಿರಲಿಲ್ಲ. ಬಡಿಸುತ್ತಿರಲಿಲ್ಲ. ಎಡಗೈಯಿಂದ ಅನ್ನ ಬಡಿಸಿದರೆ ಯಾರು ಉಣ್ಣುತ್ತಾರೆ? ಶುರುವಿನಲ್ಲಿ ಒಮ್ಮೆ ಗಡಿಬಿಡಿಯಲ್ಲಿ ಎಡಗೈಯಿಂದ ರೊಟ್ಟಿ ಹಾಕಿದ್ದಕ್ಕೆ ಒಬ್ಬ ಗಿರಾಕಿ ತಾಟು ತಳ್ಳಿ ಎದ್ದುಹೋಗಿದ್ದ. ಅಂದಿನಿಂದ ತಮ್ಮ ರೊಟ್ಟಿಯ ಬುಟ್ಟಿ ಮುಟ್ಟಿರಲಿಲ್ಲ. ಚರಗ ಚೆಲ್ಲುವ ಮಾತನ್ನೂ ನಮ್ಮಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎಳ್ಳ ಅಮಾವಾಸ್ಯೆಗೆ ನಾನು ಭಜ್ಜಿ ಮಾತ್ರ ಮಾಡುತ್ತಿದ್ದೆ, ಯಾಕೆಂದು ಹೇಳದೆ.

ಅಂಥದೇ ಒಂದು ಎಳ್ಳ ಅಮಾವಾಸ್ಯೆಯ ಮಧ್ಯಾಹ್ನ, ನೀಲಿ ಸಮವಸ್ತ್ರ ಹಾಕಿದ ಒಬ್ಬ ವಾಚಮನ್ ಬಂದು ಮೂಲೆಯ ಬೆಂಚಿನಲ್ಲಿ ಕೂತ. ಹತ್ತಿರದ ಯಾವುದೋ ಬಿಲ್ಡಿಂಗಿನವನಿರಬೇಕು ಎಂದುಕೊಂಡು ನಾನೇ ತಾಟು ಇಟ್ಟೆ, ಭಜ್ಜಿ ಹಾಕಿದೆ. ಒಂದು ತುತ್ತು ಬಾಯಿಗಿಟ್ಟವನ ಕೈ ಅಲ್ಲೇ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದ. ಕೂದಲು ನೆರೆತಿತ್ತು, ಗಲ್ಲ ಒಳಗೆ ಹೋಗಿತ್ತು. ಆ ತುಟಿಗಳು ಮಾತ್ರ ಅವೇ, ಅವತ್ತು ಹೊಲದಲ್ಲಿ ಅಲುಗಿ ನಿಂತಿದ್ದವು. ಎದ್ದುಹೋಗಲೆಂದು ಅವನು ಬೆಂಚಿಗೆ ಕೈಯೂರಿದ.

"ಕೂಡು" ಎಂದೆ. ಕೂತ.

ಗಲ್ಲೆಯಲ್ಲಿದ್ದ ತಮ್ಮನನ್ನು ಕರೆದೆ. "ಇವಗ ರೊಟ್ಟಿ ನೀ ನೀಡು."

ತಮ್ಮ ಅವನನ್ನು ನೋಡಿದ. "ಯಾವ ಕೈಲೆ ನೀಡ್ಲಿ, ಯಕ್ಕಾ?" ಎಂದು ಕೇಳಿದ.

"ಇದ್ದ ಕೈಲೆ."

ತಮ್ಮ ಬುಟ್ಟಿಯಿಂದ ಒಂದು ಸಜ್ಜಿ ರೊಟ್ಟಿಯನ್ನು ಎಡಗೈಯಿಂದ ತೆಗೆದ. ಬೀಸಲಿಲ್ಲ. ನಡೆದುಹೋಗಿ ತಾಟಿನಲ್ಲಿ ಇಟ್ಟ. ಬಲಗೈಯನ್ನು ಯಾವಾಗಲೂ ಅಂಗಿಯ ಜೇಬಿನಲ್ಲಿ ಇಡುವವನು, ಅವತ್ತು ಹೊರಗೆ ತೆಗೆದು ಮೇಜಿನ ಅಂಚಿಗೆ ಇಟ್ಟಿದ್ದ. ವಾಚಮನ್ ಆ ಎರಡು ಬೆರಳು ನೋಡಿದ, ಎಡಗೈ ಇಟ್ಟ ರೊಟ್ಟಿ ನೋಡಿದ. ರೊಟ್ಟಿಯನ್ನು ತೆಗೆದು ಕಣ್ಣಿಗೆ ಒತ್ತಿಕೊಂಡ. ಆಮೇಲೆ ತಲೆ ತಗ್ಗಿಸಿಯೇ, ತನಗಷ್ಟೇ ಕೇಳುವ ದನಿಯಲ್ಲಿ ಹೇಳಿದ: "ಸಾಲಂ ಪೊಲಗ್ಯಾ."

ನನ್ನ ಕೈ ನನ್ನನ್ನು ಕೇಳಲಿಲ್ಲ. ಅವನ ಕೆನ್ನೆಗೆ ಬಿಟ್ಟ ಏಟಿಗೆ ನೀಲಿ ಟೋಪಿ ಉರುಳಿ ಪಕ್ಕದ ಮೇಜಿನ ಸಾರಿನಲ್ಲಿ ಬಿತ್ತು. ಉಣ್ಣುತ್ತಿದ್ದ ಕಾಲೇಜಿನ ಹುಡುಗರೆಲ್ಲ ಎದ್ದು ನಿಂತರು. "ಈಗ ಅಂತೀ? ಈಗ ಬಂತೇನೋ ನಿನಗ ನೆನಪು?" ಎಂದು ಕಿರುಚುತ್ತ ಅವನ ತಾಟಿಗೆ ಕೈ ಹಾಕಿದೆ.

ತಮ್ಮ ನನ್ನ ಮಣಿಕಟ್ಟು ಹಿಡಿದ, ಬಲಗೈಯ ಆ ಎರಡು ಬೆರಳುಗಳಿಂದ. ಅವುಗಳಲ್ಲಿ ಅಷ್ಟು ಬಲವಿದೆ ಎಂದು ನನಗೆ ಗೊತ್ತಿರಲಿಲ್ಲ.

"ತಾಟಿಗಿ ಕೈ ಹಚ್ಚಬ್ಯಾಡ ಯಕ್ಕಾ. ಉಣ್ಲಿ" ಎಂದ. ಎಡಗೈಯಿಂದ ಇನ್ನೊಂದು ರೊಟ್ಟಿ ತಂದು ಹಾಕಿದ.